ಒಂದೇ ವಾಕ್ಯದ ಅರ್ಜಿ

ಸಿರುಗುಪ್ಪದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಉಜ್ಜಿನಪ್ಪ ಮೇಷ್ಟ್ರಿಗೆ ಎರಡೇ ಆಸೆಗಳಿದ್ದವು. ಒಂದು, ಕುರುಗೋಡಿಗೆ ವರ್ಗವಾಗಿ ಹೆಂಡತಿಯ ಜೊತೆ ಸಂಸಾರ ಮಾಡುವುದು. ಇನ್ನೊಂದು, ಆ ವರ್ಗವನ್ನು ಇಂಗ್ಲಿಷಿನ ಒಂದೇ ಒಂದು ವಾಕ್ಯದಲ್ಲಿ ಕೇಳುವುದು. ಮೊದಲನೆಯದು ಒಂಬತ್ತು ವರ್ಷದಿಂದ ಕೈಗೂಡದೆ ಉಳಿದದ್ದಕ್ಕೆ ಎರಡನೆಯದೇ ಕಾರಣ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆ ಮಾತು ಮೇಷ್ಟ್ರ ಕಿವಿಗೆ ಬಿದ್ದಿತ್ತು, ತಲೆಗೆ ಮಾತ್ರ ಹೋಗಿರಲಿಲ್ಲ.

ಹೆಂಡತಿ ಚನ್ನವೀರಮ್ಮ ಕುರುಗೋಡಿನಲ್ಲಿ ಒಂದು ಮಂಡಳಿಯವರು ನಡೆಸುತ್ತಿದ್ದ ಪ್ರಾಥಮಿಕ ಶಾಲೆಯ ಟೀಚರು. ಆ ಮಂಡಳಿಗೆ ಇದ್ದದ್ದು ಅದೊಂದೇ ಶಾಲೆ, ಆಕೆಯನ್ನು ವರ್ಗ ಮಾಡುವುದಾದರೂ ಎಲ್ಲಿಗೆ? ಹಾಗಾಗಿ ಮೇಷ್ಟ್ರೇ ಬರಬೇಕು. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಹೋಗುವುದು, ಸೋಮವಾರ ಮೊದಲ ಬಸ್ಸಿಗೆ ಕಣ್ಣುಜ್ಜಿಕೊಳ್ಳುತ್ತ ವಾಪಸಾಗುವುದು. ಕುರುಗೋಡಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರ ಜಾಗ ಹಿಂದೆ ಎರಡು ಸಲ ಖಾಲಿಯಾಗಿ ಎರಡು ಸಲವೂ ಬೇರೆಯವರ ಪಾಲಾಗಿತ್ತು. ೧೯೭೪ರ ಬೇಸಿಗೆಯಲ್ಲಿ ಅದು ಮತ್ತೆ ಖಾಲಿಯಾಯಿತು. ಈ ಸಲ ಯಾವನಾದರೂ ಹರೆಯದವನು ಬಂದು ಕೂತರೆ ಮುಗಿಯಿತು, ಇನ್ನು ಇಪ್ಪತ್ತು ವರ್ಷ ಅವನು ಕದಲುವುದಿಲ್ಲ.

"ಏನ್ರಿ, ‘ನನಗ ಕುರುಗೋಡಿಗೆ ವರ್ಗ ಬೇಕು’ ಅಂತ ಕನ್ನಡದಾಗ ಒಂದು ಸಾಲು ಬರದ್ರ ಆಗಂಗಿಲ್ಲೇನು?" ಎಂದು ಚನ್ನವೀರಮ್ಮ ಪ್ರತಿ ವರ್ಷ ಕೇಳುತ್ತಿದ್ದಳು.

"ಅದಕ್ಕ ಅರ್ಜಿ ಅನ್ನಂಗಿಲ್ಲ, ಚೀಟಿ ಅಂತಾರ," ಎಂದು ಮೇಷ್ಟ್ರು ಪ್ರತಿ ವರ್ಷ ಹೇಳುತ್ತಿದ್ದರು.

ಅರ್ಜಿಯ ವಿಷಯದಲ್ಲಿ ಅವರಿಗೊಂದು ಸಿದ್ಧಾಂತವೇ ಇತ್ತು. ಮದ್ರಾಸ್ ಸರ್ಕಾರದ ಕಾಲದಲ್ಲಿ ಅವರಿಗೆ ಪಾಠ ಹೇಳಿದ ಮುದಿ ಹೆಡ್‌ಮಾಸ್ತರರಿಂದ ಬಂದದ್ದು. ಫುಲ್‌ಸ್ಟಾಪ್ ಇಟ್ಟ ಕಡೆಯೆಲ್ಲ ಗುಮಾಸ್ತನ ಕೆಂಪು ಪೆನ್ನು ನಿಂತು ‘ಸಾಧ್ಯವಿಲ್ಲ’ ಎಂದು ಬರೆಯುತ್ತದೆ. ಫುಲ್‌ಸ್ಟಾಪೇ ಇಲ್ಲದಿದ್ದರೆ ಆ ಪೆನ್ನು ಓಡುತ್ತಲೇ ಹೋಗಿ, ಸುಸ್ತಾಗಿ, ಸಹಿ ಹಾಕುತ್ತದೆ. ಹಾಗೆ ನಿಲ್ಲದೆ ಓಡುವ ವಾಕ್ಯವನ್ನು ಕಟ್ಟಲು ಇಂಗ್ಲಿಷಿನಲ್ಲಿ ಮೂರು ಕೊಂಡಿಗಳುಂಟು. ಅವನ್ನು ಮೇಷ್ಟ್ರು ಹತ್ತನೇ ಕ್ಲಾಸಿನ ಹುಡುಗರಿಗೆ ಮೇಜು ಕುಟ್ಟಿ ಕಲಿಸುತ್ತಿದ್ದರು.

"ನಾವು ‘ನಾನು ಹುಟ್ಟಿದ ಊರು’ ಅಂತೀವಿ. ರೈಲಿನ ಡಬ್ಬಿ ಮುಂದ, ಇಂಜಿನ್ ಹಿಂದ. ಇಂಗ್ಲಿಷಿನವರದು ಹಂಗಲ್ಲ. ಮೊದಲು ಊರು ಅನ್ನೋ ಇಂಜಿನ್ ಬರತೈತಿ. ಅದರ ಬೆನ್ನಿಗೆ ‘ವೇರ್’ ಅನ್ನೋ ಕೊಂಡಿ. ಕೊಂಡಿ ಹಿಂದ ನೀ ಹುಟ್ಟಿದ್ದು, ಬಿದ್ದದ್ದು, ಎದ್ದದ್ದು ಎಲ್ಲಾ. ಜಾಗಕ್ಕ ವೇರ್, ಕಾಲಕ್ಕ ವೆನ್, ಕಾರಣಕ್ಕ ವೈ. ಕೊಂಡಿ ಗಟ್ಟಿ ಇದ್ರ ಎಷ್ಟು ಡಬ್ಬಿ ಬೇಕಾದ್ರೂ ಜೋಡಸ್ರಲೇ!"

ಮೇಷ್ಟ್ರ ಸ್ವಂತ ಅರ್ಜಿಗೆ ಆ ವರ್ಷ ಹದಿನೇಳು ಡಬ್ಬಿಗಳಾದವು. ತಾನು ಕಲಿಸುತ್ತಿರುವ ಊರು, ಎಲ್ಲಿ ನೀರು ಉಪ್ಪು; ತಾನು ಮದುವೆಯಾದ ವರ್ಷ, ಯಾವಾಗ ಕಾಲುವೆಗೆ ನೀರು ಬಂತು; ಹೆಂಡತಿ ಇರುವ ಊರು, ಎಲ್ಲಿ ಆಕೆ ಒಬ್ಬಳೇ ಕೂತು ಉಣ್ಣುತ್ತಾಳೆ; ಆ ಕಾರಣ, ಯಾಕೆ ತನಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಫುಲ್‌ಸ್ಕೇಪ್ ಹಾಳೆಯ ಎರಡೂ ಮಗ್ಗುಲು ತುಂಬಿ, ಕೊನೆಗೆ ಒಂದು ಫುಲ್‌ಸ್ಟಾಪ್. ಓದಿ ಓದಿ ಮೇಷ್ಟ್ರ ಕಣ್ಣೇ ತುಂಬಿ ಬಂತು. ಹೆಂಡತಿಯನ್ನು ನೆನೆದು ಬಂದ ನೀರೋ ವಾಕ್ಯವನ್ನು ಮೆಚ್ಚಿ ಬಂದದ್ದೋ ಅವರಿಗೂ ತಿಳಿಯಲಿಲ್ಲ. ಅರ್ಜಿಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಬಳ್ಳಾರಿಯ ಶಿಕ್ಷಣ ಇಲಾಖೆಯ ಕಚೇರಿಗೆ ಕಳಿಸಿದರು.

ಹದಿನೈದು ದಿನಕ್ಕೆ ಕರೆ ಬಂತು, ಸಾಹೇಬರನ್ನು ಕಾಣಬೇಕೆಂದು. ಒಂಬತ್ತು ವರ್ಷದಲ್ಲಿ ಕಚೇರಿ ಬಾಯಿ ಬಿಟ್ಟದ್ದು ಇದೇ ಮೊದಲು. ಮೇಷ್ಟ್ರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಕುರುಗೋಡಿನಲ್ಲಿ ಮಂಚ ಎಲ್ಲಿ ಹಾಕಬೇಕೆಂದು ಬಸ್ಸಿನಲ್ಲೇ ಯೋಚಿಸುತ್ತ ಬಳ್ಳಾರಿಗೆ ಹೋದರು.

ಸಾಹೇಬರು ಮೈಸೂರು ಕಡೆಯವರು, ಕೆಲಸಕ್ಕೆ ಬಂದು ಎರಡು ತಿಂಗಳಾಗಿತ್ತು. ಮೇಷ್ಟ್ರನ್ನು ಕಂಡೊಡನೆ ಎದ್ದು ಕೈ ಕುಲುಕಿದರು. ಗುಮಾಸ್ತ ರಂಗಣ್ಣನನ್ನು ಕರೆಸಿ ಅರ್ಜಿಯನ್ನು ಗಟ್ಟಿಯಾಗಿ ಓದಿಸಿದರು. ರಂಗಣ್ಣ ಮಧ್ಯೆ ಎರಡು ಸಲ ನೀರು ಕುಡಿದ.

"ಈ ಜಿಲ್ಲೆಯಲ್ಲಿ ಇಂಥ ಇಂಗ್ಲಿಷ್ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದರು ಸಾಹೇಬರು. "ನಲವತ್ತು ಜನ ಪ್ರೈಮರಿ ಟೀಚರುಗಳಿಗೆ ಹತ್ತು ದಿನದ ತರಬೇತಿ ಇದೆ. ಇದನ್ನೇ ಪಾಠ ಮಾಡಿ. ಎಲ್ಲರಿಗೂ ಒಂದೊಂದು ಪ್ರತಿ ಸೈಕ್ಲೋಸ್ಟೈಲ್ ಹೊಡೆಸ್ತೀನಿ."

ವರ್ಗದ ಮಾತೆತ್ತಲು ಮೇಷ್ಟ್ರ ನಾಲಿಗೆ ತುದಿಗೆ ಬಂದಿತ್ತು. ಆದರೆ ಇಷ್ಟು ಮೆಚ್ಚಿದವರು ಆರ್ಡರು ಮಾಡದೆ ಇರುತ್ತಾರೆಯೇ? ಬಾಯಿ ಬಿಟ್ಟು ಕೇಳಿದರೆ ಅರ್ಜಿಗೆ ಅವಮಾನ ಎನಿಸಿ ಸುಮ್ಮನಾದರು.

ಕುರುಗೋಡಿನ ಮಂಡಳಿ ತರಬೇತಿಗೆ ಕಳಿಸಿದ್ದು ಚನ್ನವೀರಮ್ಮನನ್ನೇ. ಹತ್ತು ದಿನ ಗಂಡ ಹೆಂಡತಿ ಒಂದೇ ಊರಿನಲ್ಲಿ, ಬಳ್ಳಾರಿಯಲ್ಲಿ, ಇದ್ದರು. ಸರ್ಕಾರ ಗಂಡಸರಿಗೆ ಒಂದು ಶಾಲೆಯಲ್ಲಿ, ಹೆಂಗಸರಿಗೆ ಅರ್ಧ ಮೈಲಿ ದೂರದ ಇನ್ನೊಂದು ಶಾಲೆಯಲ್ಲಿ ವಸತಿ ಏರ್ಪಾಡು ಮಾಡಿತ್ತು.

ಪಾಠ ಭರ್ಜರಿಯಾಗಿ ನಡೆಯಿತು. ಮೇಷ್ಟ್ರು ಬೋರ್ಡಿನ ಮೇಲೆ ಒಂದೊಂದೇ ಡಬ್ಬಿ ಬರೆಯುವುದು, ನಲವತ್ತು ಜನ ರಾಗವಾಗಿ ಒಪ್ಪಿಸುವುದು. "ದ ಟೌನ್ ವೇರ್ ಮೈ ವೈಫ್ ಈಟ್ಸ್ ಅಲೋನ್" ಎಂದು ಮಳೆಗಾಲದ ಕಪ್ಪೆಗಳ ಹಾಗೆ ಎಲ್ಲರೂ ಒಟ್ಟಿಗೆ ಕೂಗಿದಾಗ ಮೂರನೇ ಬೆಂಚಿನಲ್ಲಿದ್ದ ಆ ವೈಫು ಮಾತ್ರ ತುಟಿ ಬಿಚ್ಚಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು, ಅಷ್ಟು ಇಂಗ್ಲಿಷ್ ಆಕೆಗೆ ತಿಳಿಯುತ್ತಿತ್ತು. ತನ್ನ ಮನೆಯ ತಾಟು ಲೋಟ ಬೋರ್ಡಿನ ಮೇಲೆ ಬಂದದ್ದು ನೋಡಿ ಆಕೆಯ ಮುಖ ಕೆಂಪಾಗಿತ್ತು. ಮೇಷ್ಟ್ರು ಅದನ್ನು ಬಳ್ಳಾರಿಯ ಬಿಸಿಲಿನ ಲೆಕ್ಕಕ್ಕೆ ಹಾಕಿದರು.

ಕುರುಗೋಡಿನ ಪಕ್ಕದ ಬಾದನಹಟ್ಟಿಯಿಂದ ಬಂದಿದ್ದ ಜೋಗಪ್ಪ ಮೇಷ್ಟ್ರು ಎದ್ದು, "ಸಾರ್, ರೀಸನ್ ಅಂದಮ್ಯಾಲ ವೈ ಯಾಕ ಬೇಕ್ರಿ? ಬಿಟ್ರ ನಡಿಯಂಗಿಲ್ಲೇನು?" ಎಂದು ಕೇಳಿದರು.

"ನಡೀತೈತಿ. ವೇರ್ ಬದಲು ‘ಇನ್ ವಿಚ್’, ವೆನ್ ಬದಲು ‘ಆನ್ ವಿಚ್’ ಅಂದ್ರೂ ನಡೀತೈತಿ. ವೈ ಬಿಟ್ಟೂ ಬಿಡಬಹುದು," ಎಂದರು ಉಜ್ಜಿನಪ್ಪ ಮೇಷ್ಟ್ರು. "ಆದ್ರ ಕೈಯಾಗ ಇದ್ದದ್ದನ್ನ ಮನುಷ್ಯಾ ಯಾಕ ಬಿಡಬೇಕು?"

ಕೊನೆಯ ದಿನ ಸಾಹೇಬರೇ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಒಬ್ಬೊಬ್ಬರೂ ಸ್ವಂತ ವಾಕ್ಯ ಹೇಳಬೇಕು. ಒಬ್ಬರು ತಮ್ಮ ಊರಿನ ಕೆರೆಯನ್ನು ಹೇಳಿದರು, ಇನ್ನೊಬ್ಬರು ಮಗ ಹುಟ್ಟಿದ ದಿನವನ್ನು ಹೇಳಿದರು. ಚನ್ನವೀರಮ್ಮನ ಸರದಿ ಬಂತು. ಆಕೆ ಎದ್ದು ಸೆರಗು ಸರಿಮಾಡಿಕೊಂಡು ಗಂಡನನ್ನೇ ನೋಡುತ್ತ ಹೇಳಿದಳು:

"ಕುರುಗೋಡು ಈಸ್ ದ ಪ್ಲೇಸ್ ವೇರ್ ಐ ಲಿವ್ ಅಲೋನ್. ಮೈ ಹಸ್ಬೆಂಡ್ಸ್ ಇಂಗ್ಲಿಷ್ ಈಸ್ ದ ರೀಸನ್ ವೈ."

ಕುರುಗೋಡಿನಲ್ಲಿ ನಾನು ಒಂಟಿಯಾಗಿದ್ದೇನೆ, ಅದಕ್ಕೆ ಕಾರಣ ನನ್ನ ಗಂಡನ ಇಂಗ್ಲಿಷು ಎಂದು ಅದರ ಅರ್ಥ. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಸಾಹೇಬರು ಚಪ್ಪಾಳೆ ತಟ್ಟಿದರು.

"ವೆರಿ ಗುಡ್! ಎರಡೂ ಕರೆಕ್ಟು! ಎಲ್ಲರೂ ಹೇಳಿ."

ಎಲ್ಲರೂ ಹೇಳಿದರು. ಮೂರು ಸಲ ಹೇಳಿದರು. ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಯಿತು.

ಕ್ಲಾಸು ಬಿಟ್ಟ ಮೇಲೆ ಅವರು ನೆಟ್ಟಗೆ ಸಾಹೇಬರ ಕೋಣೆಗೆ ಹೋದರು. "ಸಾರ್, ನನ್ನ ಕುರುಗೋಡಿನ ವರ್ಗ ಏನಾಯ್ತು ಸಾರ್?"

"ಯಾವ ವರ್ಗ?"

"ಅರ್ಜಿಯಾಗ ಕೇಳಿದ್ನಲ್ಲ ಸಾರ್."

ಸಾಹೇಬರು ಹಾಳೆ ತೆಗೆದು ಮುಂದೆ ಚಾಚಿದರು. "ಎಲ್ಲಿ, ಯಾವಾಗ, ಯಾಕೆ ಎಲ್ಲಾ ಇದೆ ಮೇಷ್ಟ್ರೇ. ಏನು ಬೇಕು ಅಂತ ಎಲ್ಲಿದೆ? ತೋರಿಸಿ. ನಾನು ಇದನ್ನ ನೀವು ಕಚೇರಿಗೆ ಕಳಿಸಿದ ಮಾದರಿ ಪಾಠ ಅಂದುಕೊಂಡಿದ್ದೆ."

ಮೇಷ್ಟ್ರು ಓದಿದರು. ಹಾಳೆ ತಿರುವಿ ಓದಿದರು. ಕಳೆದ ವರ್ಷದ ತನಕ ಕೊನೆಯಲ್ಲಿ ‘ಆದಕಾರಣ ಕುರುಗೋಡಿಗೆ ವರ್ಗ ಮಾಡಬೇಕು’ ಎಂದಿತ್ತು. ಈ ಸಲ ಒಂದು ಹೊಸ ವೈ ಸೇರಿಸುವಾಗ ಆ ಮಾತು ತೀರ ಒರಟಾಗಿ ಕಂಡು, ವಾಕ್ಯದ ಅಂದ ಕೆಡುತ್ತದೆಂದು ತಾವೇ ಹೊಡೆದು ಹಾಕಿದ್ದರು.

"ಅಯ್ಯೋ, ಕುರುಗೋಡಿನ ಜಾಗ ಮೊನ್ನೆ ತಾನೇ ತುಂಬಿತಲ್ಲ ಮೇಷ್ಟ್ರೇ," ಎಂದರು ಸಾಹೇಬರು, ನಿಜವಾಗಿಯೂ ನೊಂದುಕೊಂಡು. "ಮೋಕದ ಒಬ್ಬ ಹುಡುಗ. ‘ಕುರುಗೋಡು ಕೊಡಿ’ ಅಂತ ಒಂದು ಕಾರ್ಡು ಬರೆದಿದ್ದ."

ಬಸ್ ಸ್ಟ್ಯಾಂಡಿನಲ್ಲಿ ಕುರುಗೋಡಿನ ಬಸ್ಸು ಆಗಲೇ ನಿಂತಿತ್ತು. ಮೇಷ್ಟ್ರು ಹೆಂಡತಿಗೆ ನಡೆದದ್ದನ್ನು ಹೇಳಿದರು, ಒಂದನ್ನೂ ಮುಚ್ಚಿಡಲಿಲ್ಲ. ಒಂಬತ್ತು ವರ್ಷ ಆಕೆಯ ಒಂಟಿತನವನ್ನು ವಾಕ್ಯ ಮಾಡಿ ತಿದ್ದುತ್ತ ಕೂತಿದ್ದೆನಲ್ಲ ಎಂದು ಅವರಿಗೆ ಮೊದಲ ಸಲ ನಾಚಿಕೆಯಾಯಿತು. ಚನ್ನವೀರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಬಾದನಹಟ್ಟಿ ಹೈಸ್ಕೂಲಿನ್ಯಾಗ ಒಂದು ಜಾಗ ಖಾಲಿ ಐತಂತ, ಜೋಗಪ್ಪ ಮೇಷ್ಟ್ರು ಹೇಳಿದ್ರು," ಎಂದಳು. "ಸೈಕಲ್ ಮ್ಯಾಲ ದಿನಾ ಮನಿಗೆ ಬರಬಹುದು. ಈ ಸಲ ಅರ್ಜಿ ನಾ ಬರೀತೀನಿ. ನೀವು ಬರೇ ಸಹಿ ಹಾಕಿಕೊಡ್ರಿ."

ಮೇಷ್ಟ್ರು ಚೀಲದಿಂದ ಒಂದು ಖಾಲಿ ಹಾಳೆ ತೆಗೆದು, ಬಸ್ಸಿನ ತಗಡಿಗೆ ಒತ್ತಿ ಹಿಡಿದು, ಕೆಳಗೆ ಸಹಿ ಹಾಕಿ ಕೊಟ್ಟರು. ಆಕೆ ನೋಡಿ ತಿರುಗಿ ಅವರ ಕೈಗೇ ಇಟ್ಟಳು.

"ಇದೂ ಇಂಗ್ಲಿಷಿನ್ಯಾಗ ಐತಲ್ರಿ."

ಕಂಡಕ್ಟರು ಸೀಟಿ ಊದಿದ. ಮೇಷ್ಟ್ರು ಅಡ್ಡಗೆರೆ ಎಳೆದು ಆ ಸಹಿಯನ್ನು ಹೊಡೆದು ಹಾಕಿದರು. ಅದರ ಕೆಳಗೆ ಕನ್ನಡದಲ್ಲಿ, ಒಂದನೇ ಕ್ಲಾಸಿನ ಹುಡುಗನ ಹಾಗೆ ಒಂದೊಂದೇ ಅಕ್ಷರ ಕೂಡಿಸಿ, ಉಜ್ಜಿನಪ್ಪ ಎಂದು ಬರೆದರು.