ಉಪ್ಪುನೀರು ಬ್ಯಾಂಡಿನ ನಿಧಾನವಾಗುವ ಹಾಡು

ಎಂಬತ್ತಮೂರರಲ್ಲಿ ಮಂಗಳೂರಿನವರಿಗೆ ನ್ಯೂ ವೇವ್ ಅಂದರೆ ಯಾವುದೋ ಹೊಸ ಹೇರ್‌ಕಟ್ಟು. ಅಂಥ ಕಾಲದಲ್ಲಿ ನಾವು ‘ಉಪ್ಪುನೀರು’ ಎಂಬ ನ್ಯೂ ವೇವ್ ಸಂಗೀತದ ಬ್ಯಾಂಡ್ ಕಟ್ಟಿದೆವು. ಕುಲಶೇಖರದ ಬೆನೆಡಿಕ್ಟನ ಕೀಬೋರ್ಡು, ಬೆಂಗ್ರೆಯ ಕಮರುದ್ದೀನನ ಗಿಟಾರು, ಅರ್ಚಕರ ಮಗಳಾದ ನನ್ನ, ಅಂದರೆ ನೀರಜಾಕ್ಷಿಯ, ಹಾಡು. ಡ್ರಮ್ಮು ಬಾರಿಸುವವರು ಮಾತ್ರ ಸಿಗಲಿಲ್ಲ.

ಕಮರುದ್ದೀನ್ ಉಪಾಯ ಹೇಳಿದ. ಬೆಂಗ್ರೆಯವರು ದಿನವೂ ಪೇಟೆಗೆ ಹೊಳೆ ದಾಟುವ ಫೆರಿಯ ಇಂಜಿನ್ ಸದ್ದನ್ನು ಟೇಪಿನಲ್ಲಿ ಹಿಡಿದು, ಅದನ್ನೇ ತಾಳ ಮಾಡಿಕೊಂಡು ಹಾಡಿದೆವು. ಫೆರಿ ದಡದ ಕಟ್ಟೆ, ಅಂದರೆ ಧಕ್ಕೆ, ಸೇರುವಾಗ ಇಂಜಿನ್ ನಿಧಾನವಾಗುತ್ತದಲ್ಲ, ಹಾಗೆಯೇ ಹಾಡಿನ ಕೊನೆಯೂ ನಿಧಾನವಾಗುತ್ತಿತ್ತು. ನಾನೂ ಅದರೊಂದಿಗೇ ದನಿ ಎಳೆದಿದ್ದೆ. ಇಂಥದ್ದನ್ನು ಯಾರೂ ಮಾಡಿಲ್ಲವೆಂದು ನಮಗೆ ಕೋಡು ಮೂಡಿತ್ತು.

ಮೊದಲ ಕ್ಯಾಸೆಟ್ಟು ಬಂತು. ಕೊಂಡವರೆಲ್ಲ ಟೇಪು ಹಾಳಾಗಿದೆ ಎಂದು ಅಂಗಡಿಗೆ ವಾಪಸು ತಂದರು. ಒಬ್ಬ ಮಹಾಶಯನಂತೂ ತನ್ನ ಪ್ಲೇಯರನ್ನೇ ರಿಪೇರಿಗೆ ಕೊಟ್ಟ. ಬ್ಯಾಂಡು ಅಲ್ಲಿಗೆ ಮುಗಿಯಿತು. ನನಗೆ ಈಗಲೂ ಮೈ ಉರಿಯುತ್ತದೆ.

ಈಗ ಅಣ್ಣನ ಮಗ ಕೃಷ್ಣಕಿಶೋರ್ ಅದನ್ನು ಮತ್ತೆ ಹೊರತರಲು ಹೊರಟಿದ್ದಾನೆ. ಇಂಟರ್ನೆಟ್ಟಿನಲ್ಲಿ ಕೇಳಿದವರು ಹೊಗಳಿದ್ದೇ ಹೊಗಳಿದ್ದು. ಆದರೆ ಕೊನೆಗೆ ಎಲ್ಲರದೂ ಒಂದೇ ರಾಗ, ಸ್ಪೀಡ್ ಸರಿಮಾಡಿ.

“ಕಂಪ್ಯೂಟರಿನಲ್ಲಿ ಸರಿ ಮಾಡಿದ್ದೇನೆ ಅತ್ತೆ,” ಅಂದ.

“ಅದಕ್ಕೆ ಎಂತ ಆಗಿತ್ತು ಮಾರಾಯ? ಸರಿಯಾಗಿಯೇ ಉಂಟು.”

“ಹಾಗಾದ್ರೆ ಒಂದು ಹಾಲ್ ಹಿಡಿದು ಎರಡನ್ನೂ ಕೇಳಿಸುವ. ಜನ ಯಾವುದಕ್ಕೆ ಕೈ ಎತ್ತುತ್ತಾರೋ ಅದೇ ಹೊರಗೆ ಬರ್ತದೆ. ಆಗಬಹುದಾ?”

“ಆಗಬಹುದು,” ಅಂದೆ. ಅಂದದ್ದು ಹಠಕ್ಕೆ. ಅದು ನನ್ನ ಇಪ್ಪತ್ತರ ಗಂಟಲು. ಇನ್ನೊಬ್ಬರು ತಿದ್ದಿದ್ದನ್ನು ನನ್ನದೆಂದು ಹೇಳಿಕೊಳ್ಳುವುದಕ್ಕಿಂತ ಹೊರಬರದಿರುವುದೇ ಮೇಲು.

ಆ ಸಂಜೆ ಹಾಲಿನ ಮುಂದಿನ ಸಾಲುಗಳಲ್ಲಿ ಕುತ್ತಿಗೆಗೆ ಹೆಡ್‌ಫೋನು ಹಾಕಿದ ಇಂಟರ್ನೆಟ್ಟಿನ ಪಂಡಿತರು. ಹಿಂದೆ, ಕಮರುದ್ದೀನ್ ಕರೆದನೆಂದು ಬಂದ ಬೆಂಗ್ರೆಯವರು. ಅವನ ತಂಗಿ ಆಯಿಶಾ ಪೇಟೆಯ ಸಾಮಾನಿನ ಚೀಲವನ್ನು ಕಾಲ ಬುಡದಲ್ಲಿಟ್ಟು ಕೂತಿದ್ದಳು. ಇಂಜಿನ್ನಿನ ಸಂಗತಿ ಅವರ್ಯಾರಿಗೂ ಗೊತ್ತಿರಲಿಲ್ಲ.

ಮೊದಲು ತಿದ್ದಿದ ಹಾಡು. ಶುರುವಿನಿಂದ ಕೊನೆಯವರೆಗೆ ಒಂದೇ ವೇಗ. ಅದರಲ್ಲಿ ನಮ್ಮ ಫೆರಿ ಧಕ್ಕೆಗೆ ಬರಲೇ ಇಲ್ಲ. ಆದರೂ ಮುಂದಿನವರು ಚಪ್ಪಾಳೆ ತಟ್ಟಿದರು, “ಸೂಪರ್” ಅಂದರು. ಸೋತೆ ಅಂದುಕೊಂಡೆ.

ಆಮೇಲೆ ನಮ್ಮದು. ಟಕಟಕ ಇಂಜಿನ್, ಅದರ ಮೇಲೆ ನನ್ನ ಎಳೆಯ ದನಿ. ಕೊನೆಯ ಸಾಲು ಬಂತು. ಇಂಜಿನ್ ನಿಧಾನವಾಯಿತು. ಮುಂದಿನ ಪಂಡಿತರು ಮೂಗು ಮುರಿದರು.

ಹಿಂದೆ ಏನೋ ಸದ್ದಾಯಿತು. ತಿರುಗಿದೆ. ಆಯಿಶಾ ಚೀಲ ಕೈಗೆ ಸಿಕ್ಕಿಸಿಕೊಂಡು, ತಲೆಯ ಶಾಲು ಸರಿಮಾಡಿ ಎದ್ದು ನಿಂತಿದ್ದಳು. ಅವಳ ಸಾಲು ಎದ್ದಿತು, ಅದರ ಹಿಂದಿನದೂ ಎದ್ದಿತು. ಎಲ್ಲರೂ ಬಾಗಿಲ ಕಡೆ ಮುಖ ಮಾಡಿ, ಬೋಟು ಧಕ್ಕೆಗೆ ತಾಗುವಾಗ ಬೀಳದ ಹಾಗೆ ಎದುರಿನ ಕುರ್ಚಿ ಹಿಡಿದು ನಿಂತಿದ್ದರು.

ಹಾಡು ನಿಂತಿತು. ಅವರು ಒಬ್ಬರ ಮುಖ ಒಬ್ಬರು ನೋಡಿದರು.

“ಅಲ್ಲ ನೀರಜಕ್ಕ,” ಆಯಿಶಾ ನಗು ತಡೆಯಲಾರದೆ ಅಂದಳು, “ಧಕ್ಕೆ ಬಂತು ಅಂತ ಎದ್ದದ್ದು!”

ಹಾಲಿಗೆ ಹಾಲೇ ನಕ್ಕಿತು. ಹೆಡ್‌ಫೋನಿನವರೂ ಎದ್ದು ಚಪ್ಪಾಳೆ ತಟ್ಟಿದರು. ಕಮರುದ್ದೀನ್ ಕಣ್ಣೊರೆಸಿಕೊಳ್ಳುತ್ತಿದ್ದ. ನನಗೆ ಹಾಲು ಕುಡಿದಷ್ಟು ಸಂತೋಷ.

“ಇನ್ನು ಕೈ ಎತ್ತಿಸುವುದು ಬೇಡ ಅತ್ತೆ, ನೀವು ಗೆದ್ದಿರಿ,” ಅಂದ ಕೃಷ್ಣಕಿಶೋರ್.

“ಬೇಕು!” ಅಂದೆ. “ನಲ್ವತ್ತು ವರ್ಷ ಕಾದಿದ್ದೇನೆ. ಎತ್ತಿಸು, ನಾನು ನೋಡಬೇಕು.”

ಕೈಗಳು ಎದ್ದವು. ಆಯಿಶಾ ಚೀಲ ಹಿಡಿದ ಕೈಯನ್ನೇ ಎತ್ತಿದಳು.