ಆರು ಬಾಟಲಿ, ಒಂದು ಸಹಿ

೧

ಈ ಕಥೆಯನ್ನು ಹಳೆಯ ಬಾಟಲಿಯಿಂದ ಶುರು ಮಾಡಬೇಕೋ ಹೊಸದರಿಂದಲೋ ಎಂದು ಮೂರು ದಿನ ತಲೆ ಕೆರೆದುಕೊಂಡೆ. ಹಳೆಯದರಿಂದ ಶುರು ಮಾಡಿದರೆ ಓದುಗರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ಹೊಸದೆಂದರೆ ಆಕಳಿಸುತ್ತಾರೆ. (ನೀವು ಹಾಗಲ್ಲ ಎಂದು ನೀವು ಅಂದುಕೊಂಡಿದ್ದೀರಿ. ಇರಲಿ.) ಕಡೆಗೆ ಹಳೆಯದನ್ನೇ ಕೈಗೆತ್ತಿಕೊಂಡೆ, ಎಡವಟ್ಟಾಯಿತು.

೨

ಮೊದಲ ಡ್ರಾಫ್ಟ್ ಹೀಗಿತ್ತು. ಬೆಳಿಗ್ಗೆ ಎಂಟು ಗಂಟೆ. ವೈನರಿಯ ನೆಲಮಾಳಿಗೆಯಲ್ಲಿ ರುಚಿ ನೋಡುವ ಕೋಣೆ, ಉದ್ದನೆಯ ಮೇಜು, ಅದರ ಮೇಲೆ ಬಿಳಿ ಬಟ್ಟೆ. ಅಮ್ಮ ಮೂವತ್ತೆಂಟು ವರ್ಷ ಹಳೆಯ ಕೆಂಪು ವೈನಿನ ಕಾರ್ಕ್ ತೆಗೆದು, ಗಾಜಿನ ಹೂಜಿಗೆ ಸುರಿದು, ಹನ್ನೊಂದಕ್ಕೆ ಬರುವ ಮಾಲೀಕರಿಗಾಗಿ ಕಾಯುತ್ತ ಕುಳಿತರು. ‘ಕಾಲವೇ ಉಸಿರಾಡತೊಡಗಿತು’ ಎಂದು ಒಂದು ಸಾಲನ್ನೂ ಸೇರಿಸಿದ್ದೆ. ಆ ಸಾಲನ್ನು ಬರೆದ ಮೇಲೆ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದ್ದೆ, ಅಷ್ಟು ಹೆಮ್ಮೆಯಾಗಿತ್ತು.

ಅಮ್ಮ ಹೂಜಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. (ನನ್ನ ಅಮ್ಮನಲ್ಲ. ಕಥೆಯ ಅಮ್ಮ. ಇದೇ ವೈನರಿಯಲ್ಲಿ ಮೂವತ್ತೊಂದು ವರ್ಷ ವೈನ್ ಮಾಡಿ, ಏಳು ವರ್ಷದ ಹಿಂದೆ ಕೆಲಸವನ್ನು ಮಗಳಿಗೆ ಒಪ್ಪಿಸಿದವರು.) ನಾನು ಯಾವತ್ತಾದರೂ ವೈನ್ ಕುಡಿದಿದ್ದೇನೆಯೇ ಎಂದು ಕೇಳಿದರು. ಎರಡು ಸಲ, ಅದೂ ಪ್ಲಾಸ್ಟಿಕ್ ಲೋಟದಲ್ಲಿ ಎಂದೆ.

“ಗೊತ್ತಾಗುತ್ತೆ. ಹಳೇದನ್ನ ಮೂರು ಗಂಟೆ ಮುಂಚೆ ತೆಗೆದಿಟ್ರೆ, ಅವರು ಬರೋ ಹೊತ್ತಿಗೆ ಅದು ಸತ್ತಿರುತ್ತೆ ಕಣಪ್ಪ. ಬೆಳಿಗ್ಗೆ ತೆಗೆದಿಡಬೇಕಾದ್ದು ನನ್ನ ಮಗಳು ಮಾಡಿದ್ದು. ಗಾಳಿ ಬೇಕಾಗಿರೋದು ಎಳೇದಕ್ಕೆ.”

ಡ್ರಾಫ್ಟ್ ಕಸದ ಬುಟ್ಟಿಗೆ ಹೋಯಿತು. ಉಸಿರಾಡುತ್ತಿದ್ದ ಕಾಲವೂ ಅದರ ಜೊತೆಗೇ ಹೋಯಿತು.

೨ (ಮತ್ತೆ)

ಮೇಜಿನ ಮೇಲೆ ಆರು ಬಾಟಲಿ. ಮೂರು ಅಮ್ಮನ ಕಾಲದವು, ಮೂರು ಮಗಳ ಕಾಲದವು. ಅದೇ ಇಳಿಜಾರಿನ ತೋಟ, ಅದೇ ದ್ರಾಕ್ಷಿ, ಅದೇ ಹೆಸರಿನ ವೈನ್. ಲೇಬಲ್ಲಿನ ಕೆಳಗೆ ಅದನ್ನು ಮಾಡಿದವರ ಸಹಿ ಇರುವುದು ಇಲ್ಲಿನ ಪದ್ಧತಿ. ಆದರೆ ಏಳು ವರ್ಷದಿಂದ ಮಗಳು ಮಾಡಿದ ವೈನಿನ ಮೇಲೂ ಅಮ್ಮನ ಸಹಿಯೇ ಕೂತಿದೆ. ಕೊಳ್ಳುವವರ ಕಣ್ಣಿಗೆ ಅದೇ ಅಭ್ಯಾಸ ಎನ್ನುವುದು ಮಾಲೀಕರ ಸಬೂಬು.

ಮಗಳು ಈ ಸಲ ಪಟ್ಟು ಹಿಡಿದಿದ್ದಾಳೆ. ತನ್ನ ಸಹಿ ಬರಬೇಕು, ಇಲ್ಲವಾದರೆ ಬೇರೆ ವೈನರಿಗೆ ಹೋಗುತ್ತೇನೆ ಎಂದಿದ್ದಾಳೆ. ಮಾಲೀಕರು ಜಾಣರು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಡೋಣ, ಅಮ್ಮನೇ ರುಚಿ ನೋಡಿ ಹೇಳಲಿ ಎಂದು ಜಾರಿಕೊಂಡಿದ್ದಾರೆ. ಮಧ್ಯಾಹ್ನ ಲೇಬಲ್ ಅಚ್ಚಿಗೆ ಹೋಗಬೇಕು.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅಮ್ಮ ಮಗಳ ವೈನನ್ನು ತನ್ನದೆಂದೇ ತಿಳಿಯುತ್ತಾರೆ ಎಂದು ನೀವು ಊಹಿಸಿದ್ದೀರಿ, ಅಲ್ಲವೇ? ನಾನೂ ಅದನ್ನೇ ಬರೆದಿದ್ದೆ. ತಾಯಿ ಮಗಳು ಇಬ್ಬರೂ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಗಿಗೆ ನೆಗಡಿಯಾಗಿದ್ದರೂ ಗೊತ್ತಾಗುತ್ತದಂತೆ.

೪

(ಮೂರನೆಯದು ವರ್ಣನೆ. ಅಮ್ಮ ಹರಿದು ಹಾಕಿಸಿದರು.)

ಹನ್ನೊಂದಕ್ಕೆ ಮಾಲೀಕರು ಕೂತ ಮೇಲೆ ಅಮ್ಮ ಹಳೆಯ ಕಾರ್ಕನ್ನು ಪುಡಿಯಾಗದಂತೆ ಎಳೆದರು. ತಳದಲ್ಲಿ ಕೂತಿದ್ದ ಗಷ್ಟು ಬಾಟಲಿಯ ಕೊರಳಿಗೆ ಬರುವ ತನಕ ಲೋಟಗಳಿಗೆ ಮೆಲ್ಲಗೆ ಬಗ್ಗಿಸಿ, ಅಲ್ಲಿಗೆ ನಿಲ್ಲಿಸಿದರು. ಹಳೆಯದು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಒಣಗಿದ ಎಲೆಯ ವಾಸನೆ, ಒಗರೆಲ್ಲ ಕರಗಿ ತೆಳ್ಳಗಾಗಿತ್ತು. ಮಗಳದ್ದು ಶಾಯಿಯಂತೆ ಗಾಢ, ಹಣ್ಣಿನ ಘಮ, ಬಾಯಿ ತುಂಬಿಕೊಳ್ಳುವ ಬಿಸಿ.

ಮಾಲೀಕರು ಹಳೆಯದನ್ನು ಕುಡಿದು, ಆ ಕಾಲವೇ ಬೇರೆ ಎಂದು ಕಣ್ಣು ಮುಚ್ಚಿಕೊಂಡರು. ನನಗೆ ಖುಷಿಯಾಯಿತು, ಇಂಥ ಮಾತಿಗೆ ಕಥೆಯಲ್ಲಿ ಒಳ್ಳೆಯ ಜಾಗವಿರುತ್ತದೆ. ಅಮ್ಮ ಆ ಜಾಗವನ್ನೂ ಬಿಡಲಿಲ್ಲ.

“ಕೆಟ್ಟ ವರ್ಷದ್ದೆಲ್ಲ ನಾನೇ ಮೋರಿಗೆ ಸುರಿದಿದೀನಿ ಸರ್. ಉಳಿದಿರೋ ಮೂರನ್ನ ಕುಡಿದು ಆ ಕಾಲ ಚೆನ್ನಾಗಿತ್ತು ಅಂತೀರಿ.”

ಮಗಳು ಮಾತಿಗಿಳಿದಳು. ಅಮ್ಮನ ಕಾಲದಲ್ಲಿ ದ್ರಾಕ್ಷಿ ಹಣ್ಣಾಗಲೆಂದು ಕಾಯುತ್ತಿದ್ದರು, ಈಗ ಬಿಸಿಲು ಹೆಚ್ಚಿ ಹಣ್ಣಿನ ಸಿಹಿ ಏರುತ್ತ ಓಡುತ್ತದೆ, ತಾನು ಅದರ ಹಿಂದೆ ಓಡಬೇಕು. ಕೊಯ್ಲು ಮೂರು ವಾರ ಮೊದಲೇ ಬರುತ್ತಿದೆ. ಒಂದೊಂದೇ ಹಣ್ಣು ಆರಿಸುತ್ತಾಳೆ. ಏಳು ವರ್ಷದಲ್ಲಿ ಒಂದು ವರ್ಷದ್ದನ್ನೂ ಸುರಿದಿಲ್ಲ. ಇದನ್ನು ಹೇಳುವಾಗ ಅವಳ ದನಿಯಲ್ಲಿ ಜಂಬವಿತ್ತು, ನನಗೂ ಅದು ಇಷ್ಟವಾಯಿತು. ಏಳಕ್ಕೆ ಏಳೂ ವರ್ಷ ಚೆನ್ನಾಗಿರುವುದೇ ತನಗೆ ಅನುಮಾನ ತರುತ್ತದೆ ಎಂದರು ಅಮ್ಮ.

ಅಂತ್ಯ ಅ

ಮಗಳದ್ದೇ ಮೇಲು ಎಂದು ಅಮ್ಮ ಅವಳನ್ನು ತಬ್ಬಿಕೊಳ್ಳುತ್ತಾರೆ.

ಅಮ್ಮ ಒಪ್ಪಲಿಲ್ಲ. ಹೆತ್ತವರು ಕೊಡುವ ಸರ್ಟಿಫಿಕೇಟನ್ನು ಯಾರು ನಂಬುತ್ತಾರೆ ಎಂದರು.

ಅಂತ್ಯ ಆ

ತನ್ನದೇ ಮೇಲು ಎನ್ನುತ್ತಾರೆ ಅಮ್ಮ. ಮಗಳು ಸೂಟ್‌ಕೇಸ್ ಎತ್ತಿಕೊಂಡು ಹೊರಡುತ್ತಾಳೆ.

ಸೂಟ್‌ಕೇಸ್ ಮುಟ್ಟಲೂ ಮಗಳು ತಯಾರಿರಲಿಲ್ಲ. ಬೇರೆ ವೈನರಿಗೆ ಹೋಗುವ ಬೆದರಿಕೆ ನೀವು ಬರೆದದ್ದು, ನಾನು ಹಾಕಿದ್ದಲ್ಲ ಎಂದಳು. ತಾನು ಕೇಳಿದ್ದು ಸಹಿ ಒಂದನ್ನೇ. ಹಿಂದಕ್ಕೆ ಹೋಗಿ ನೋಡಿದೆ, ನಿಜ, ಅದು ನನ್ನದೇ ಕೈಚಳಕ. ಆಮೇಲೆ ಅವಳು ದನಿ ಇಳಿಸಿ, ಹೋಗುವಂತಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂದಳು.

೫

ಉಳಿದದ್ದು ಕಡೆಯ ಬಾಟಲಿ. ಮಗಳದ್ದೇ, ಲೇಬಲ್ ಇಲ್ಲದ್ದು, ಈ ಸಲ ಅಚ್ಚಿಗೆ ಕಾಯುತ್ತಿರುವುದು.

ರುಚಿ ನೋಡುವವರು ವೈನ್ ನುಂಗುವುದಿಲ್ಲ, ಬಾಯಲ್ಲಿ ತಿರುಗಿಸಿ ಪಕ್ಕದ ಪಾತ್ರೆಗೆ ಉಗುಳುತ್ತಾರೆ. ಅಮ್ಮ ಅಷ್ಟು ಹೊತ್ತು ಹಾಗೇ ಮಾಡಿದ್ದರು. ಮೂವತ್ತೆಂಟು ವರ್ಷದ ತಮ್ಮ ಮೊದಲ ವೈನನ್ನೂ ಉಗುಳಿದ್ದರು. ಈ ಲೋಟ ಎತ್ತಿದರು. ಮೂಸಿದರು. ಬಾಯಿಗೆ ಹಾಕಿಕೊಂಡು ತಿರುಗಿಸಿದರು. ಮಗಳು ಅವರ ಗಂಟಲನ್ನೇ ನೋಡುತ್ತಿದ್ದಳು. ಅಮ್ಮ ನುಂಗಿದರು.

“ಇದಕ್ಕೆ ನನ್ನ ಸಹಿ ಹಾಕಬೇಡಿ,” ಎಂದರು.

ಮಾಲೀಕರ ಮುಖ ಬಿದ್ದುಹೋಯಿತು. ನನ್ನದೂ ಬಿತ್ತು. ಮಗಳೊಬ್ಬಳೇ ಅಲುಗಾಡಲಿಲ್ಲ.

“ಇದನ್ನ ಮಾಡೋಕೆ ನನ್ನ ಕೈಲಿ ಆಗ್ತಿರಲಿಲ್ಲ. ನಾನು ಮಾಡದೇ ಇರೋದರ ಮೇಲೆ ನನ್ನ ಹೆಸರು ಬರೋದು ನನಗೆ ಅವಮಾನ. ಏಳು ವರ್ಷ ಸುಮ್ಮನಿದ್ದೆ, ಅದು ನನ್ನ ತಪ್ಪು.”

ಹಾಗಾದರೆ ಇದು ನಿಮ್ಮದಕ್ಕಿಂತ ಮೇಲೋ ಎಂದು ಕೇಳಿದೆ. ನನಗೊಂದು ಅಂತ್ಯ ಬೇಕಿತ್ತು. ಮಗಳಿಗೂ ಆ ಉತ್ತರ ಬೇಕಿತ್ತು, ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು.

“ನನ್ನ ಮೊದಲನೇದಕ್ಕೆ ಮೂವತ್ತೆಂಟು ವರ್ಷ ಆಗಿದೆ. ಇದಕ್ಕೂ ಅಷ್ಟಾದ ಮೇಲೆ ಒಂದು ಬಾಟಲಿ ತೆಗೆದು ನೋಡು,” ಎಂದು ಅಮ್ಮ ಹೇಳಿದ್ದು ನನಗಲ್ಲ, ಮಗಳಿಗೆ. “ನಾನಿರಲ್ಲ. ನೀನೇ ಹೇಳಬೇಕು.”

ಎಷ್ಟು ಬೇಡವೆಂದರೂ ಮಗಳ ಮುಖದ ತುಂಬಾ ಹೆಮ್ಮೆ ಹರಡಿಕೊಂಡಿತು. ಅಮ್ಮ ಅದನ್ನು ನೋಡಲಾರದೆ ಗ್ಲಾಸುಗಳನ್ನು ಟ್ರೇಗೆ ಜೋಡಿಸತೊಡಗಿದರು, ಅವರ ಮುಖದಲ್ಲೂ ಅದೇ ಇತ್ತು.

ಮಾಲೀಕರು ಅಚ್ಚಿಗೆ ಹೋಗಬೇಕಾದ ಹಾಳೆಯನ್ನು ಮಗಳ ಮುಂದೆ ಸರಿಸಿದರು. ಅವಳು ಏಪ್ರನ್ನಿನ ಜೇಬು ತಡಕಾಡಿ, ನನ್ನ ಕಡೆ ಕೈ ಚಾಚಿ ಪೆನ್ನು ಕೇಳಿದಳು.

ಕಥೆ ಇನ್ನೂ ಮುಗಿದಿಲ್ಲ ಎಂದೆ.

“ಗೊತ್ತು. ಕೊಡಿ,” ಎಂದಳು.

ಕೊಟ್ಟೆ