ಗಲಾಟಿ ಹೂವಿನ ಮಡಿ

"ಯಾರನ್ನ ಕೇಳಿ ಕಿತ್ರಿ?"

ಸಪ್ನಾ ಕೂಗಿದಳು. ಬಾಜಾರದಿಂದ ಬಂದವಳು ಕೈಚೀಲವನ್ನೂ ಕೆಳಗಿಟ್ಟಿರಲಿಲ್ಲ. ವಾಡಿಯ ಕ್ವಾರ್ಟರ್ಸಿನ ಅವಳ ಅಂಗಳದಲ್ಲಿ ಗಲಾಟಿ ಹೂವಿನ ಗಿಡಗಳು ಬೇರುಸಹಿತ ಗುಡ್ಡೆಯಾಗಿ ಬಿದ್ದಿದ್ದವು. ಹಳದಿ ಅಂಚಿನ ಕೆಂಪು ಎಸಳುಗಳು ಮಣ್ಣಿನಲ್ಲಿ ಹೊಸಕಿಹೋಗಿದ್ದವು. ಪಕ್ಕದ ಮನೆಯ ಕಾಶಪ್ಪ ಸಲಿಕೆ ಹಿಡಿದು ಗಿಡ್ಡ ಗೋಡೆಯಾಚೆ ನಿಂತಿದ್ದ.

"ಒಣಗಿದ್ವು ಬಿಡ್ರಿ. ಹುಳ ಹುಪ್ಪಡಿ ಸೇರತಾವ. ನಿಮ್ಮ ಮನಿಯೋರಿಗೆ ಹೇಳೇ ತೆಗದೀನಿ."

ಬಾಗಿಲಲ್ಲಿ ನಿಂತಿದ್ದ ಗಂಡ ಸುರೇಶಕುಮಾರ ತಲೆ ತಗ್ಗಿಸಿದ.

ಮೂರು ವರ್ಷದ ಗಿಡಗಳು ಸೊರಗಿದ್ದು ನಿಜ. ಅವುಗಳ ಆಯುಷ್ಯವೇ ಅಷ್ಟು. ಮೈತುಂಬ ಹೂ ಬಿಟ್ಟು ಬಿಟ್ಟು ಬೇಗ ದಣಿದುಬಿಡುತ್ತವೆ. ಮುದಿ ಬುಡ ಸೀಳಿ ಚಿಗುರನ್ನು ಬೇರೆ ನೆಡಬೇಕು. ಸಪ್ನಾ ಮೊದಲ ಮಳೆಗೆ ಕಾದಿದ್ದಳು. ಹೋದ ವರ್ಷ ಪಕ್ಕಕ್ಕೆ ಬಂದಾಗಿನಿಂದ ಕಾಶಪ್ಪ ದಿನಾ ಪೂಜೆಗೆ ಒಯ್ದದ್ದು ಇದೇ ಹೂವನ್ನು. "ತಂಗಿ, ನಿನ್ನ ಕೈಗುಣ ಭಾಳ ಛಲೋ" ಅನ್ನುತ್ತಿದ್ದ. ಏಪ್ರಿಲ್‌ನಲ್ಲಿ ಬಾಬಾಸಾಹೇಬರ ಜಯಂತಿಗೆ ಸಪ್ನಾಳ ಬಾಗಿಲ ಮೇಲೆ ನೀಲಿ ಬಾವುಟ ಏರಿತು. ಮರುದಿನದಿಂದ ಅವನು ಹೂವಿಗೆ ಬರಲಿಲ್ಲ. ತಂಗಿ ಎಂಬ ಮಾತೂ ನಿಂತಿತು.

"ವರ್ಷೊಪ್ಪತ್ತು ಇವೇ ಹೂ ದೇವರಿಗೆ ಏರಿಸಿದ್ರಿ. ಆವಾಗ ಹುಳ ಇರಲಿಲ್ಲೇನ್ರಿ?"

"ಮಾತು ಎಲ್ಲಿಂದ ಎಲ್ಲಿಗೋ ಒಯ್ಯಬ್ಯಾಡ್ರಿ."

"ಒಯ್ಯಬೇಕಾದಲ್ಲಿಗೇ ಒಯ್ಲಿಕತ್ತೀನಿ. ನಾವು ಯಾರಂತ ಗೊತ್ತಾದ ಮ್ಯಾಲ ನಮ್ಮ ಗಿಡ ಕಣ್ಣಿಗೆ ಬಿದ್ರೂ ಆಗವಲ್ದು. ಅದನ್ನ ಬಾಯಿ ಬಿಟ್ಟು ಹೇಳ್ರಿ."

ಕಾಶಪ್ಪ ಸಲಿಕೆಯನ್ನು ಗೋಡೆಗೆ ಒರಗಿಸಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಇರಲಿ ಬಿಡು, ದಿನಾ ಮುಖ ನೋಡೋರು" ಎಂದ ಸುರೇಶಕುಮಾರ.

"ನೀವ್ ಯಾಕ ಹೂಂ ಅಂದ್ರಿ?"

"ಜಗಳ ಬ್ಯಾಡಂತ."

"ನಾಳೆ ಬಾವುಟ ಬಿಚ್ಚಂದ್ರ ಅದನ್ನೂ ಬಿಚ್ಚತೀರೇನು?"

ಅವಳು ಗುಡ್ಡೆಯ ಮುಂದೆ ಕುಳಿತು ಕುಡಗೋಲಿನಿಂದ ಬುಡಗಳನ್ನು ಸೀಳತೊಡಗಿದಳು. ಕೊಳೆತದ್ದನ್ನು ಎಸೆದು, ಬೇರಿದ್ದ ಹಸಿರು ಚಿಗುರುಗಳನ್ನಷ್ಟೇ ಉಳಿಸಿದಳು. ಆಮೇಲೆ ಕಾಶಪ್ಪನ ಬಾಗಿಲಿಗೆ ನೇರ ಎದುರಾಗಿ, ಗೋಡೆಯ ಬುಡದಲ್ಲೇ ಅಗೆಯಲು ಕೂತಳು. ಸುಣ್ಣಕಲ್ಲಿನ ನೆಲ, ಕುಡಗೋಲು ಇಳಿಯಲಿಲ್ಲ.

ಸುರೇಶಕುಮಾರ ಹಾರೆ ತಂದು, "ಸ್ವಲ್ಪ ಆ ಕಡೆ ಸರಿ, ನಾ ಅಗೀತೀನಿ" ಎಂದ.

ಅವಳು ಸರಿಯಲಿಲ್ಲ. ಹಾರೆಯನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಅಗೆದು, ಚಿಗುರುಗಳನ್ನು ಸಾಲಾಗಿ ನೆಟ್ಟಳು. ಅವನು ಒಳಗಿನಿಂದ ಒಂದು ಕೊಡ ನೀರು ತಂದ.

ಅಂಗಳದಾಚೆಯ ಹಳಿಯ ಮೇಲೆ ಸಿಮೆಂಟ್ ಹೇರಿಕೊಂಡ ಗೂಡ್ಸ್ ಗಾಡಿ ಹಾದುಹೋಯಿತು. ಚಿಗುರೆಲೆಗಳ ಮೇಲೆ ಬೂದು ಧೂಳು ಕೂತಿತು. ಸಪ್ನಾ ಸೆರಗಿನ ತುದಿ ಹಿಡಿದು ಒಂದೊಂದೇ ಎಲೆ ಒರೆಸತೊಡಗಿದಳು. ಅವನು ತುಂಬಿದ ಕೊಡ ಹಿಡಿದು ಅವಳ ಬೆನ್ನ ಹಿಂದೆ ನಿಂತೇ ಇದ್ದ.